ಆಟ ಮುಗಿಯುವವರೆಗೆ

"ನಿನ್ನ ತಮ್ಮನ ಕೈ ಹೆಂಗಿದೆ, ಬಾರ್ತ್?"

ಬೇಲಿಯ ಹತ್ತಿರ ಬಂದು ನಿಂತ ತಂಡದ ಮ್ಯಾನೇಜರ್ ಪ್ರೂಯಿಟ್ ದನಿ ತಗ್ಗಿಸಿ ಕೇಳಿದ. ಬೇಸ್‌ಬಾಲ್ ಪಂದ್ಯದ ಒಂಬತ್ತು ಇನ್ನಿಂಗ್ಸ್‌ಗಳಲ್ಲಿ ಏಳನೆಯದು ನಡೆಯುತ್ತಿತ್ತು. ಗೇಟು ಕಾಯುತ್ತಿದ್ದ ಬಾರ್ತ್ ಗಿಲ್‌ಫಾಯ್ಲ್ ಸ್ಟೂಲಿನಿಂದ ಎದ್ದು ಮೈದಾನದ ಕಡೆ ನೋಡಿದ. ಎಸೆಯುತ್ತಿದ್ದ ತಮ್ಮ ಲ್ಯೂಕ್ ಪ್ರತಿ ಎಸೆತದ ನಂತರವೂ ಬಲಗೈಯನ್ನು ಜೋತುಬಿಡುತ್ತಿದ್ದ. ಬ್ಯಾಟಿನವನ ಹಿಂದಿದ್ದ ಕ್ಯಾಚರ್ ಹಿಂತಿರುಗಿಸಿದ ಚೆಂಡನ್ನು ಎರಡೂ ಬರಿಗೈ ಒಡ್ಡದೆ ಎಡಗೈಯೊಂದರಲ್ಲೇ ಹಿಡಿಯುತ್ತಿದ್ದ. ಉಣ್ಣೆ ಗಿರಣಿಯಿಂದ ನೇರ ಬಂದು ಕೂತ ಜನಕ್ಕೆ ಇದೊಂದೂ ಕಾಣುತ್ತಿರಲಿಲ್ಲ.

"ಏನ್ ಲ್ಯೂಕ್, ಊಟ ಮಾಡಿಲ್ವೇನೋ?" ಎಂದು ಯಾರೋ ಕೂಗಿದರು.

ಆ ಕಾಲದ ನಿಯಮದಲ್ಲಿ, ಆಟ ಶುರು ಮಾಡಿದ ಎಸೆತಗಾರನೇ ಅದನ್ನು ಮುಗಿಸಬೇಕು. ತೀರಾ ಆಗದಿದ್ದರೆ ಮೈದಾನದ ಬಲ ಮೂಲೆಯಲ್ಲಿ ನಿಂತವನ ಜೊತೆ ಜಾಗ ಬದಲಿಸಿಕೊಳ್ಳಬಹುದು. ಮೂರು ವರ್ಷದ ಹಿಂದೆ, ಆಗ ಎಸೆತಗಾರನಾಗಿದ್ದ ಬಾರ್ತ್‌ನ ಮೊಣಕೈಯೊಳಗೆ ಬಟ್ಟೆ ಹರಿದಂತಾದ ದಿನ ಆ ಮೂಲೆಯಲ್ಲಿದ್ದವನು ಲ್ಯೂಕ್.

"ಲ್ಯೂಕ್, ಬರ್ತೀಯಾ ಇಲ್ಲಿ?" ಎಂದು ಬಾರ್ತ್ ಕರೆದಿದ್ದ. ಲ್ಯೂಕ್ ಒಮ್ಮೆ ತಲೆಯೆತ್ತಿ ಅವನನ್ನು ನೋಡಿ, ಕೇಳಿಸದವನಂತೆ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ್ದ. ಎರಡನೆಯ ಸಲ ಕರೆಯಲು ಬಾರ್ತ್‌ಗೆ ಬಾಯಿ ಬರಲಿಲ್ಲ. ಕೊನೆಯವರೆಗೂ ಎಸೆದ. ಗೆದ್ದರು. ಮರುದಿನ ಕ್ಷೌರದ ಕತ್ತಿ ಎತ್ತಲೂ ಆಗಲಿಲ್ಲ. ವಾರ ಕಳೆಯುವುದರೊಳಗೆ ಚೆಂಡು ಲ್ಯೂಕ್‌ಗೆ ಬಂತು, ಬಾರ್ತ್‌ಗೆ ಗೇಟು.

"ಹೋಗ್ಲಿ ಬಿಡಪ್ಪ, ಚೆಂಡು ನಮ್ಮನೇಲೇ ಉಳೀತಲ್ಲ," ಎಂದಿದ್ದಳು ತಾಯಿ, ಆಲೂಗಡ್ಡೆ ಬಡಿಸುತ್ತ. ಲ್ಯೂಕ್ ತಲೆ ತಗ್ಗಿಸಿ ಉಂಡಿದ್ದ. ಅವನು ಅವತ್ತು ಒಂದು ಮಾತು ಆಡಿದ್ದರೂ, ಕೊನೇಪಕ್ಷ ಒಂದು ಸುಳ್ಳು ಹೇಳಿದ್ದರೂ ಬಾರ್ತ್‌ಗೆ ಸಾಕಿತ್ತು.

"ಯಾಕೋ ಸೋತಂಗೆ ಕಾಣ್ತಾನೆ," ಎಂದ ಪ್ರೂಯಿಟ್. "ಬಲ ಮೂಲೇಲಿರೋ ಓಸ್ಟರ್‌ನನ್ನ ಕರೆಸ್ಲಾ? ಲ್ಯೂಕ್‌ನ ಕೇಳಿದ್ರೆ ಒಪ್ಪಲ್ಲ. ನಿನಗೆ ಗೊತ್ತಾಗತ್ತೆ, ನೀನೇ ಹೇಳು."

ಲ್ಯೂಕ್ ಇತ್ತಲೇ ನೋಡುತ್ತಿದ್ದ.

"ಅವನಿಗೇನಾಗಿದೆ?" ಎಂದ ಬಾರ್ತ್. "ಗಟ್ಟಿಯಾಗಿದಾನೆ. ಮಧ್ಯದಲ್ಲಿ ಇಳಿಸಿದ್ರೆ ಊರೆಲ್ಲ ನಗತ್ತೆ."

"ನಂಗೂ ಹಂಗೇ ಅನಿಸ್ತು," ಎಂದು ಪ್ರೂಯಿಟ್ ನಿರಾಳವಾಗಿ ಬೆಂಚಿಗೆ ಮರಳಿದ. ಬಾರ್ತ್ ಅವನ ಹಿಂದೆಯೇ ಎರಡು ಹೆಜ್ಜೆ ಹಾಕಿದ, ನಿಂತ, ಮತ್ತೆ ಸ್ಟೂಲಿನ ಮೇಲೆ ಕುಳಿತ.

ಕೊನೆಯ, ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಲ್ಯೂಕ್ ಒಂದೊಂದು ಎಸೆತಕ್ಕೂ ಕಿರುಚಿದ. ಜನ ಅದನ್ನು ಆವೇಶವೆಂದುಕೊಂಡು ತಾವೂ ಕಿರುಚಿದರು. ಒಂದು ರನ್ನಿನಿಂದ ಗೆದ್ದಾಗ ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದರು. ಕೈಗೆ ಸಿಕ್ಕವರೆಲ್ಲ ಆ ಬಲಗೈಯನ್ನೇ ಹಿಡಿದು ಕುಲುಕಿದರು.

ಜನ ಕರಗಿದ ಮೇಲೆ ಬಾರ್ತ್ ಬಟ್ಟೆ ಬದಲಿಸುವ ಕೋಣೆಗೆ ಹೋದ. ಲ್ಯೂಕ್ ಒಬ್ಬನೇ ಬೆಂಚಿನ ಮೇಲೆ ಕುಳಿತು ಎಡಗೈಯಿಂದ ಅಂಗಿಯ ಗುಂಡಿಯೊಂದರ ಜೊತೆ ಹೆಣಗುತ್ತಿದ್ದ.

"ಪ್ರೂಯಿಟ್ ನಿನ್ನ ಕೇಳಿದ್ನಾ?" ಎಂದ ಲ್ಯೂಕ್.

"ಕೇಳಿದ."

ಲ್ಯೂಕ್ ಗುಂಡಿಯಿಂದ ಕೈ ತೆಗೆದ. ಬಾರ್ತ್ ಅವನ ಮುಂದೆ ಮೊಣಕಾಲೂರಿ ಕುಳಿತ. ಬೆವರಿನಲ್ಲಿ ನೆನೆದ ಉಣ್ಣೆಯ ಅಂಗಿ ಬಿಗಿದುಕೊಂಡಿತ್ತು. ಕೊರಳ ಹತ್ತಿರದಿಂದ ಒಂದೊಂದೇ ಗುಂಡಿ ಬಿಚ್ಚುತ್ತ ಬಂದ. ಲ್ಯೂಕ್, ಬಟ್ಟೆ ಬಿಚ್ಚಿಸಿಕೊಳ್ಳುವ ಮಗುವಿನಂತೆ, ಗದ್ದವೆತ್ತಿ ಕುಳಿತಿದ್ದ.