ಮಡಿಲಿಗೆ ಹಾಕಿದ ಅಂಕ

ತಿಪಟೂರಿನ ಒಂದು ಕಲ್ಯಾಣ ಮಂಟಪದಲ್ಲಿ ಊಟದ ಮೇಜುಗಳನ್ನೇ ಸಾಲಾಗಿ ಜೋಡಿಸಿ ಚೆಸ್ ಪಂದ್ಯಾವಳಿ ನಡೆಸುತ್ತಿದ್ದರು. ಕೊನೆಯ ಸುತ್ತಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದಾಗ ವನಜಾ ತನ್ನ ಎದುರಾಳಿಯ ಹೆಸರನ್ನು ಎರಡು ಸಲ ಓದಿದಳು. ಗಂಗಾಧರಯ್ಯ, ಕಂದಿಕೆರೆ. ಚಿಕ್ಕಂದಿನಲ್ಲಿ ಅವಳಿಗೆ ಆಟ ಕಲಿಸಿದ ಮೇಷ್ಟ್ರು.

ಅಂತಾರಾಷ್ಟ್ರೀಯ ರೇಟಿಂಗ್ ಸಿಗಬೇಕಾದರೆ, ಅದು ಈಗಾಗಲೇ ಇರುವವರ ಎದುರು ಐದು ಆಟವಾದರೂ ಆಡಿರಬೇಕು. ಒಂದೇ ಪಂದ್ಯಾವಳಿಯಲ್ಲಿ ಆಗದಿದ್ದರೆ ಹಿಂದಿನವನ್ನೂ ಸೇರಿಸಿಕೊಳ್ಳುತ್ತಾರೆ, ಆದರೆ ಇಪ್ಪತ್ತಾರು ತಿಂಗಳ ಒಳಗಿನವನ್ನು ಮಾತ್ರ. ವನಜಾಳಿಗೆ ಇಲ್ಲಿ ಅಂಥ ಎರಡು ಆಟ ಸಿಕ್ಕಿದ್ದವು. ತುಮಕೂರಿನಲ್ಲಿ ಹಿಂದೆ ಆಡಿದ್ದು ಎರಡು. ಆಮೇಲೆ ಬಸಿರು, ಬಾಣಂತನ ಎಂದು ಆಟ ನಿಂತಿತ್ತು. ರೇಟಿಂಗ್ ಇದ್ದ ಮೇಷ್ಟ್ರ ಎದುರಿನ ಈ ಆಟ ಐದನೆಯದು. ಈ ತಿಂಗಳು ದಾಟಿದರೆ ತುಮಕೂರಿನ ಎರಡೂ ಬಿದ್ದುಹೋಗುತ್ತವೆ.

ಹೊಸದಾಗಿ ಐದು ಆಡಬಹುದಿತ್ತು, ಅವಳಿಗಿನ್ನೂ ಚಿಕ್ಕ ವಯಸ್ಸು. ಆದರೆ ತುಮಕೂರಿನ ಆಟಗಳನ್ನು ಅಪ್ಪ ಕ್ಯಾತಣ್ಣ ನೋಡಿದ್ದ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಿಟಕಿಯ ಹೊರಗೆ ದಿನವಿಡೀ ನಿಂತಿದ್ದ. ಗೆದ್ದದ್ದು ಯಾವುದು, ಸೋತದ್ದು ಯಾವುದು ತಿಳಿಯದೆ ಎರಡಕ್ಕೂ ಒಂದೇ ಸಮ ನಕ್ಕಿದ್ದ. ಮಗಳು ನಡೆಗಳನ್ನು ಬರೆದಿದ್ದ ಹಾಳೆಗಳನ್ನು ಕಂಬಳಿಯ ಮಡಿಕೆಯಲ್ಲಿಟ್ಟು ಊರಿಗೆ ತಂದಿದ್ದ. ಅಪ್ಪ ಹೋಗಿ ಹತ್ತು ತಿಂಗಳಾಗಿತ್ತು. ಹಾಳೆಗಳಲ್ಲಿ ಕುರಿಯ ವಾಸನೆ ಇನ್ನೂ ಇತ್ತು. ಅಪ್ಪ ನೋಡಿದ ಆಟ ಎಲ್ಲಾದರೂ ಒಂದು ಕಡೆ ಉಳಿಯಲಿ ಎಂಬುದೊಂದೇ ಅವಳ ಆಸೆ.

"ಏನವ್ವ, ಮೇಷ್ಟ್ರ ಮೇಲೇ ಬಿದ್ಯಲ್ಲ," ಎನ್ನುತ್ತ ಗಂಗಾಧರಯ್ಯ ಬಂದರು.

"ಬುಡಕಿಲ್ಲ ಕಣ್ರೀ ಮೇಷ್ಟ್ರೇ. ನಿಮ್ಮ ರಾಣಿ ಜ್ವಾಪಾನ."

"ನನ್ ರಾಣಿ ನನ್ ಮಾತು ಎಲ್ಲಿ ಕೇಳ್ತಾಳೆ? ಥೇಟ್ ನಮ್ ಮನೆಯಾಕೆ ಸುನಂದಾನಂಗೇ."

ವನಜಾ ನಕ್ಕಳು. "ಇದೊಂದು ಆದ್ರೆ ನಂಗೂ ರೇಟಿಂಗ್ ಬತ್ತದೆ ಮೇಷ್ಟ್ರೇ. ಅಪ್ಪ ನೋಡಿದ್ ಆಟನೂ ಸೇರ್ಕತ್ತವೆ."

ಮೇಷ್ಟ್ರ ನಗು ನಿಂತಿತು. ಅವಳ ತಲೆ ಸವರಿ, "ಆಯ್ತದೆ ತಗಾ. ಕಾಫಿ ಕುಡ್ದು ಬತ್ತೀನಿ," ಎಂದು ಹೊರಗೆ ಹೋದರು.

ಸುತ್ತು ಶುರುವಾಯಿತು. ವನಜಾಳದು ಬಿಳಿ ಕಾಯಿ. ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ, ಗಡಿಯಾರ ಒತ್ತಿ, ನಡೆಯನ್ನು ಹಾಳೆಯಲ್ಲಿ ಬರೆದಳು. ಎದುರಿನ ಕುರ್ಚಿ ಖಾಲಿ. ಹತ್ತು ನಿಮಿಷ ಹೋಯಿತು. ಇಪ್ಪತ್ತಾಯಿತು. ತೀರ್ಪುಗಾರ್ತಿ ಕೋಮಲಾ ತನ್ನ ಕೆಲಸವಲ್ಲದಿದ್ದರೂ ಬಾಗಿಲಿಗೆ ಹೋಗಿ ಎರಡು ಸಲ ಹೆಸರು ಕೂಗಿ ಬಂದಳು. ಎದುರಾಳಿಗೆ ಕಾಯಬೇಕಾದ ಅರ್ಧ ಗಂಟೆ ಮುಗಿದಾಗ ಬಗ್ಗಿ ಮೆಲ್ಲಗೆ ಹೇಳಿದಳು.

"ಅಂಕ ನಿಮ್ದೇ ಕಣ್ರೀ. ಆದ್ರೆ ಎದುರಾಳಿ ಬರದೆ ಸಿಕ್ಕಿದ್ದು ರೇಟಿಂಗಿಗೆ ಸೇರಲ್ಲ. ಬಂದು ಒಂದು ನಡೆ ಆಡಿದ್ರೂ ಸಾಕಾಗಿತ್ತು."

ಸೋತಿದ್ದರೂ ಸಾಕಾಗಿತ್ತು ಎಂದು ವನಜಾಳಿಗೆ ಗೊತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಕೈಯಲ್ಲಿ ಸುಲಿದ ತೆಂಗಿನಕಾಯಿ, ಎಲೆ ಅಡಿಕೆ. ಮುಖದ ತುಂಬ ನಗು.

"ಗೆದ್ದೇನವ್ವ? ಆಚೆ ಬೇವಿನ ಮರದಡಿ ಗಡಿಯಾರ ನೋಡ್ಕಂಡೇ ಕೂತಿದ್ದೆ. ಬೇಕಂತ ಸೋಲಾಕೆ ನಂಗೆ ಕೈ ಬರಲ್ಲ. ಗೆದ್ರೆ ಮನಸು ಒಪ್ಪಲ್ಲ. ಕೊಟ್ಟ ಹೆಣ್ಮಗಳ್ನ ಬರಿಗೈಲಿ ಕಳ್ಸಕಾಯ್ತದಾ?"

ದಬ್ಬೇಘಟ್ಟಕ್ಕೆ ಮದುವೆಯಾಗಿ ಹೋದಂದಿನಿಂದ ಅವಳು ಊರಿಗೆ ಬಂದಾಗಲೆಲ್ಲ ಮೇಷ್ಟ್ರ ಹೆಂಡತಿ ಸುನಂದಮ್ಮ ಮಡಿಲು ತುಂಬದೆ ಕಳಿಸಿದವರಲ್ಲ. ಇವತ್ತು ಮೇಷ್ಟ್ರು ತಾವೇ ತುಂಬಲು ಬಂದಿದ್ದರು. ಅವರಿಗೆ ಮುಪ್ಪಿನಲ್ಲಿ ಒಂದೇ ಪಂದ್ಯಾವಳಿಯಲ್ಲಿ ರೇಟಿಂಗ್ ಬಂದಿತ್ತು. ಅಂದು ಎದುರಾಳಿಗಳೆಲ್ಲ ಬಂದಿದ್ದರು. ಬಾರದಿದ್ದರೆ ಏನಾಗುತ್ತದೆಂದು ತಿಳಿಯುವ ಸಂದರ್ಭವೇ ಅವರಿಗೆ ಬಂದಿರಲಿಲ್ಲ.

ಕೋಮಲಾ ಏನೋ ಹೇಳಲು ಬಾಯಿ ತೆರೆದಳು. ವನಜಾ ಅವಳನ್ನೊಮ್ಮೆ ನೋಡಿದಳು. ಕೋಮಲಾ ಪೆನ್ನಿನ ಮುಚ್ಚಳ ಹಾಕಿ, "ಆಚೆ ಕಾಫಿ ಇನ್ನೂ ಐತಾ ಮೇಷ್ಟ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

"ರೇಟಿಂಗ್ ಯಾವಾಗ ಬತ್ತದವ್ವ?"

"ಒಂದ್ನೇ ತಾರೀಕು ಪಟ್ಟಿ ಬತ್ತದೆ ಮೇಷ್ಟ್ರೇ." ಅದು ಸುಳ್ಳೇನಲ್ಲ. ಪಟ್ಟಿ ಪ್ರತಿ ತಿಂಗಳೂ ಬರುತ್ತದೆ.

"ಕ್ಯಾತಣ್ಣ ಇರ್ಬೇಕಿತ್ತು ಕಣವ್ವ," ಎಂದು ಅವರು ಕಣ್ಣೊರೆಸಿಕೊಂಡರು. ವನಜಾ ಸೆರಗೊಡ್ಡಿದಳು. ಕಾಯಿ ಭಾರವಾಗಿತ್ತು. ಬಗ್ಗಿ ಕಾಲಿಗೆ ನಮಸ್ಕರಿಸಿ, ಏಳುವುದನ್ನು ಸ್ವಲ್ಪ ತಡ ಮಾಡಿದಳು.

ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ತಮ್ಮ ಕಂದಿಕೆರೆ ಬಸ್ಸನ್ನು ಬಿಟ್ಟು, ಅವಳ ಬಸ್ಸು ಹೊರಡುವವರೆಗೂ ಕೈಯೆತ್ತಿಕೊಂಡು ನಿಂತಿದ್ದರು. ಊರು ದಾಟಿದ ಮೇಲೆ ವನಜಾ ಹಾಳೆ ತೆಗೆದಳು. ಬಿಳಿಯ ಕಡೆ ಅವಳದೊಂದು ನಡೆ. ಕಪ್ಪಿನ ಕಡೆ ಕೆಳಗಿನವರೆಗೂ ಖಾಲಿ. ಅದನ್ನು ಅಪ್ಪನ ಎರಡು ಹಾಳೆಗಳ ನಡುವೆ ಇಟ್ಟು ಮಡಿಚಿದಳು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ಅವಳ ಮುಖ ನೋಡಿ, ಎದ್ದು ಕಿಟಕಿಯ ಸೀಟು ಬಿಟ್ಟುಕೊಟ್ಟಳು. ವನಜಾ ಆ ಕಡೆ ಮುಖ ತಿರುಗಿಸಿ, ಮಡಿಲಿನ ಕಾಯಿ ಉರುಳದಂತೆ ಎರಡೂ ಕೈಯಲ್ಲಿ ಹಿಡಿದು ಕೂತಳು.