ಕುರುಡಜ್ಜಿಯ ಗೂಡಿನ ಚಿಲಕ

"ನಾನಲ್ಲಮ್ಮಾ, ಈ ಅಜ್ಜಿ ಮೇಲಾಣೆ, ನಾನಲ್ಲ!"

ಬೀಗದಣ್ಣ ಹೇಳುತ್ತಲೇ ಇದ್ದ. ಮೇಜಿನ ಮೇಲೆ ಮಲಗಿದ್ದ, ಎಲ್ಲರೂ ಕುರುಡಜ್ಜಿ ಎನ್ನುವ ಮುದಿ ಕುರುಡು ನಾಯಿಯ ಮುರಿದ ಹಿಂಗಾಲಿಗೆ ಡಾಕ್ಟರಮ್ಮ ಪಟ್ಟಿ ಸುತ್ತುತ್ತಿದ್ದರು. ಅದರ ತಲೆ ಹಿಡಿದು ನಿಂತಿದ್ದ ದೊಡ್ಡಣ್ಣ ಮುಖ ಎತ್ತಲಿಲ್ಲ.

ಆ ನಾಯಿಮನೆಯಲ್ಲಿ ದುಡಿಯುವವರೆಲ್ಲ ಜೈಲು ಕಂಡು ಬಂದವರೇ. ಬೀದಿನಾಯಿಗೂ ಜೈಲಿನಿಂದ ಬಂದವನಿಗೂ ಊರಲ್ಲಿ ತೆರೆಯುವುದು ತನ್ನದೊಂದೇ ಬಾಗಿಲು ಎಂದು ಡಾಕ್ಟರಮ್ಮ ನಗುತ್ತಿದ್ದರು. ದೊಡ್ಡಣ್ಣ ಅಲ್ಲಿ ಎಲ್ಲರಿಗಿಂತ ಹಳಬ, ಅವನ ಮಾತೆಂದರೆ ಮಾತು. ಬೀಗದಣ್ಣನೋ ಮೊನ್ನೆ ಮೊನ್ನೆ ಬಂದವನು, ಕಂಡವರ ಬೀಗ ಒಡೆದೇ ಒಳಗೆ ಹೋಗಿದ್ದವನು. ಇವತ್ತು ಬೆಳಿಗ್ಗೆ ಕಸದ ಗಾಡಿಗೆಂದು ಗೇಟು ತೆಗೆದಾಗ ಕುರುಡಜ್ಜಿ ರಸ್ತೆಗೆ ನಡೆದು ವ್ಯಾನಿಗೆ ಸಿಕ್ಕಿತು. ಹೋಗಿ ನೋಡಿದರೆ ಗೂಡಿನ ಚಿಲಕ ಹಾಕಿಲ್ಲ. ಇನ್ನು ಬೆರಳು ಯಾರ ಕಡೆ ತಿರುಗಬೇಕು ಹೇಳಿ!

"ನಿನ್ನೆ ಆ ಸಾಲಿಗೆ ನೀರಿಟ್ಟವನು ನೀನೇ ತಾನೆ?" ಎಂದರು ಡಾಕ್ಟರಮ್ಮ.

"ಇಟ್ಟೆ. ಚಿಲಕಾನೂ ಹಾಕಿದೆ. ತೆಗೆಯೋ ಕೈ ಅಂತ ಹಾಕೋಕೆ ಬರಲ್ವಾ ಅಮ್ಮಾ?"

"ನಾಳೆಯಿಂದ ಬರಬೇಡಪ್ಪ."

"ನನ್ನವಳು ಈಗಷ್ಟೇ ಮನೆಗೆ ಸೇರಿಸ್ಕೊಂಡಿದ್ದಾಳೆ. ಕೆಲಸ ಹೋಯ್ತು ಅಂದ್ರೆ..." ಅವನು ಗೋಡೆಗೊರಗಿ ನಾಯಿಮನೆಯಲ್ಲಿ ಕೊಟ್ಟಿದ್ದ ಬೂಟು ಕಳಚತೊಡಗಿದ.

ದಿನಾ ಸಂಜೆ ಎಲ್ಲರೂ ಹೋದ ಮೇಲೆ ಕುರುಡಜ್ಜಿಯನ್ನು ಮಾತಾಡಿಸಿ ಬರುವುದು ದೊಡ್ಡಣ್ಣನ ರೂಢಿ. ಬೇರೆ ಗೂಡುಗಳ ಚಿಲಕವನ್ನಾದರೆ ಹಲ್ಲುಕಚ್ಚಿ ತಳ್ಳಿಬಿಡುತ್ತಿದ್ದ. ಅಜ್ಜಿ ಮಾತ್ರ ಚಿಲಕದ ಸದ್ದಿಗೆ ಥಟ್ಟನೆ ತಲೆ ಎತ್ತುತ್ತಿತ್ತು. ಜೈಲಿನಲ್ಲಿ ಸಂಜೆಸಂಜೆಯೂ ಕೋಣೆಯ ಚಿಲಕ ಬಿದ್ದಾಗ ಅವನು ತಲೆ ಎತ್ತುತ್ತಿದ್ದುದೂ ಹಾಗೆಯೇ. ಅದಕ್ಕೇ ಅದರ ಚಿಲಕವನ್ನು ತೂತಿನವರೆಗೆ ತಂದು, ಒಳಗೆ ತಳ್ಳದೆ ಬಿಟ್ಟು ಬರುತ್ತಿದ್ದ. ಅದೇ ಕರುಣೆ ಈಗ ಅಜ್ಜಿಯ ಕಾಲು ತಿಂದಿತ್ತು. ಥೂ, ನನ್ನ ಜನ್ಮಕ್ಕಿಷ್ಟು! ಹೇಳಿದರೆ ಇರುವ ಒಂದು ನೆಲೆಯೂ ಹೋದೀತು ಎಂದು ಬಾಯಿ ಹೊಲಿದುಕೊಂಡು ನಿಂತಿದ್ದೇನಲ್ಲ!

ಬೀಗದಣ್ಣ ಬರಿಗಾಲಲ್ಲಿ ಮೇಜಿನ ಬಳಿ ಬಂದ. "ಬರ್ತೀನಿ ಅಜ್ಜೀ, ಬೇಗ ಹುಷಾರಾಗು," ಎಂದು ನಾಯಿಯ ಕಿವಿ ಸವರಿದ. ನಾಯಿ ತಲೆ ಹೊರಳಿಸಿ, ತನ್ನನ್ನು ಹಿಡಿದಿದ್ದ ದೊಡ್ಡಣ್ಣನ ಕೈ ನೆಕ್ಕಿತು.

"ಅವನಲ್ಲಮ್ಮಾ," ಎಂದ ದೊಡ್ಡಣ್ಣ. "ನಾನು."

"ಅವನನ್ನ ಉಳಿಸೋಕೆ ನೀನು ತಲೆ ಕೊಡ್ತೀಯಾ?"

"ಇಲ್ಲಮ್ಮಾ. ನಂಗೆ ಅದರ ಮೇಲೆ ಚಿಲಕ ಹಾಕೋಕಾಗಲ್ಲ. ಹಾಕ್ದಂಗೆ ಮಾಡಿ ಬರ್ತಿದ್ದೆ. ದಿನಾ."

ಡಾಕ್ಟರಮ್ಮನ ಕೈ ಪಟ್ಟಿಯ ಮೇಲೆ ನಿಂತಿತು.

"ಇಷ್ಟೊತ್ತು ನಾಲಿಗೆ ಎಲ್ಲಿತ್ತು ದೊಡ್ಡಣ್ಣಾ?" ಎಂದ ಬೀಗದಣ್ಣ ಮೆಲ್ಲಗೆ.

"ನೀನು ಬೂಟು ಹಾಕ್ಕೊಳಪ್ಪ," ಎಂದರು ಡಾಕ್ಟರಮ್ಮ ಬೀಗದಣ್ಣನಿಗೆ. ದೊಡ್ಡಣ್ಣನ ಕಡೆ ನೋಡದೆ, "ಇದು ಎದ್ದು ನಿಲ್ಲದ ಹಾಗೆ ಯಾರಾದ್ರೂ ಜೊತೆಗಿರಬೇಕು," ಎಂದರು.

ದೊಡ್ಡಣ್ಣ ನಾಯಿಯನ್ನು ಎತ್ತಿಕೊಂಡು ಹೋಗಿ, ಗೂಡಿನೊಳಗೆ ಬಗ್ಗಿ ನುಗ್ಗಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೀಗದಣ್ಣ ಬಾಗಿಲು ಮುಂದೆಳೆದು, ಚಿಲಕದ ಮೇಲೆ ಕೈಯಿಟ್ಟು ಅನುಮಾನಿಸಿದ.

"ಹಾಕು," ಎಂದ ದೊಡ್ಡಣ್ಣ. "ಪೂರ್ತಿ ಹಾಕು."

ಚಿಲಕ 'ಕಟ್' ಎಂದು ಕೂತಿತು. ಒಳಗೆ ಎರಡು ತಲೆಗಳು ಒಟ್ಟಿಗೆ ಮೇಲೆದ್ದವು.