ಕತ್ತರಿಯಕ್ಕ ಕೆಡಿಸಲು ಕಲಿತದ್ದು

ಉಡುಪಿನ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ಕತ್ತರಿಯಕ್ಕ ಎಂದರೆ ಎಲ್ಲರಿಗೂ ಸಲಿಗೆಯೂ ಹೌದು, ಒಂದಿಷ್ಟು ಅಂಜಿಕೆಯೂ ಹೌದು. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ರಟ್ಟಿನ ಅಚ್ಚುಗಳನ್ನು ಹೊಂದಿಸಿ, ಸೀಮೆಸುಣ್ಣದ ಗೆರೆ ಎಳೆದು ಆಕೆ ಕತ್ತರಿ ಕೈಗೆತ್ತಿಕೊಂಡಳೆಂದರೆ ಸುತ್ತಮುತ್ತ ಯಾರೂ ಸೀನುವಂತಿರಲಿಲ್ಲ. ಒಮ್ಮೆ ಕತ್ತರಿಸಿದ ಬಟ್ಟೆ ಬಾ ಎಂದರೆ ಮತ್ತೆ ಬಂದು ಕೂಡಿಕೊಳ್ಳುತ್ತದೆಯೇ? ಅದಕ್ಕೇ ಆಕೆ ಅಳೆದದ್ದನ್ನೇ ಅಳೆದು, ನೋಡಿದ್ದನ್ನೇ ನೋಡಿ, ಆಮೇಲಷ್ಟೇ ಕೈ ಹಾಕುವವಳು. ಆಕೆ ಬಟ್ಟೆ ಕೆಡಿಸಿದ್ದನ್ನು ಕಂಡವರಿರಲಿಲ್ಲ.

ಆ ಮೇಜಿಗೇ ಈಗ ಸಂಚಕಾರ ಬಂದಿತ್ತು. ತಾನಾಗಿಯೇ ಕತ್ತರಿಸುವ ಯಂತ್ರವೊಂದು ಬಂದು ಮೂಲೆಯಲ್ಲಿ ಕೂತಿತ್ತು. ಯಾವ ತುಂಡು ಎಲ್ಲಿ ಕೂರಬೇಕೆಂದು ಕಂಪ್ಯೂಟರಿನಲ್ಲಿ ಹೊಂದಿಸಿ ಕೊಟ್ಟರೆ ಸಾಕು, ಮಿಕ್ಕಿದ್ದೆಲ್ಲ ಅದರದೇ. ಹೊಂದಿಸಲು ಬೇಕಾದವರು ಇಬ್ಬರೇ. ಕಾರ್ಖಾನೆಯವರು ಆಸೆಯಿದ್ದವರಿಗೆಲ್ಲ ತರಬೇತಿ ಕೊಟ್ಟು, ಕೊನೆಗೆ ಪರೀಕ್ಷೆ ಮಾಡಿ ಇಬ್ಬರನ್ನು ಆರಿಸುವವರಿದ್ದರು. ಕಟಿಂಗಿನ ಉಳಿದವರೆಲ್ಲ ಪ್ಯಾಕಿಂಗಿಗೆ.

ಪ್ಯಾಕಿಂಗೇನೂ ಕೀಳು ಕೆಲಸವಲ್ಲ. ಆದರೆ ಅಲ್ಲಿ ಇದ್ದದ್ದು ಸಂಜೆಯ ಪಾಳಿ. ಮಗಳು ಶಾಲೆಯಿಂದ ಮನೆಗೆ ಬರುವಾಗ ಅಮ್ಮ ಹೊರಡಬೇಕು, ಅಮ್ಮ ಬರುವಾಗ ಮಗಳು ಮಲಗಿರಬೇಕು. ವ್ಯಾನ್ ಓಡಿಸುವ ಗಂಡನಿಗಂತೂ ಹೊತ್ತು ಗೊತ್ತಿಲ್ಲ. ಸುದ್ದಿ ಕೇಳಿದ ಮಗಳು, "ಹಾಗಾದ್ರೆ ನಿನ್ನ ಹತ್ರ ಜಗಳ ಆಡೋಕೆ ಭಾನುವಾರದ ತನಕ ಕಾಯ್ಬೇಕಾ?" ಎಂದಿದ್ದಳು. ಮಾತು ನಗುವಂಥದೇ. ಕತ್ತರಿಯಕ್ಕ ಮಾತ್ರ ಮರುದಿನವೇ ಹೋಗಿ ತರಬೇತಿಗೆ ಹೆಸರು ಕೊಟ್ಟಿದ್ದಳು.

ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ತರಬೇತಿ. ಪರದೆಯ ಮೇಲೆ ಬಟ್ಟೆಯ ಉದ್ದನೆಯ ಪಟ್ಟಿ, ಕೆಳಗೆ ಅಂಗಿಯ ಬೆನ್ನು, ತೋಳು, ಕಾಲರು, ಜೇಬು. ಒಂದೊಂದನ್ನೇ ಎಳೆದು ಪಟ್ಟಿಯ ಮೇಲೆ ಕೂರಿಸಬೇಕು. ಎಷ್ಟು ಒತ್ತೊತ್ತಾಗಿ ಕೂತರೆ ಅಷ್ಟು ಬಟ್ಟೆ ಉಳಿತಾಯ. ಕತ್ತರಿಯಕ್ಕ ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯನ್ನು ಮುಟ್ಟುವಂತೆ ಮೌಸನ್ನು ಮುಟ್ಟಿದಳು. ಒಂದು ತೋಳನ್ನು ಪಟ್ಟಿಯ ತನಕ ತಂದವಳು ಬಿಡಲೋ ಬೇಡವೋ ಎಂದು ಅಲ್ಲೇ ಹಿಡಿದು ಕೂತಳು. ಕೊನೆಗೆ ತಡೆಯಲಾರದೆ ಕೊರಳಲ್ಲಿದ್ದ ಟೇಪು ತೆಗೆದು ಪರದೆಯನ್ನೇ ಅಳೆಯತೊಡಗಿದಳು!

"ಟಿವಿಗೆ ಅಂಗಿ ಹೊಲೀತೀರಾ ಅಕ್ಕ? ಕೈ ಉದ್ದ ಬಿಡಿ, ಚಳಿಗಾಲ" ಎಂದ ಪಕ್ಕದಲ್ಲಿದ್ದ ಗುಂಡಿರಾಯ. ಕೋಣೆಗೆ ಕೋಣೆಯೇ ಗೊಳ್ಳೆಂದಿತು.

ಗುಂಡಿರಾಯ ಅಂಗಿಗೆ ಗುಂಡಿ ಹಾಕುವ ಯಂತ್ರದವನು. ಅವನು ಹಾಕಿದ ಗುಂಡಿಗೂ ಅದರ ತೂತಿಗೂ ಹುಟ್ಟಾ ವೈರ. ದಿನಕ್ಕೊಮ್ಮೆಯಾದರೂ ಬೈಸಿಕೊಳ್ಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅಂಥವನು ಇಲ್ಲಿ ನೀರಿಗೆ ಬಿಟ್ಟ ಮೀನಾಗಿದ್ದ. ಕತ್ತರಿಯಕ್ಕ ಒಂದು ತೋಳು ಇಡುವಷ್ಟರಲ್ಲಿ ಅವನು ಇಡೀ ಅಂಗಿ ಇಟ್ಟು, ಚೆಲ್ಲಾಪಿಲ್ಲಿ ಮಾಡಿ, ಮತ್ತೆ ಇಟ್ಟಾಗಿತ್ತು.

"ಕಾಲರ್ ಅಲ್ಲಿಟ್ರೆ ಎಲ್ಲಾ ಕೆಟ್ಟೋಗುತ್ತೆ ಕಣೋ!"

"ಕೆಡ್ಲಿ ಬಿಡಿ ಅಕ್ಕ. ಈ ಬಾಣ ಒತ್ತಿದ್ರೆ ಇದ್ದಂಗೇ ವಾಪಸ್ ಬರುತ್ತೆ. ನೋಡಿ, ಬಂತು! ನಂಗೆ ಗುಂಡಿ ಮೆಷೀನಲ್ಲೂ ಇದೊಂದು ಇದ್ದಿದ್ರೆ ಇಷ್ಟೊತ್ತಿಗೆ ಮ್ಯಾನೇಜರ್ ಆಗಿರ್ತಿದ್ದೆ."

ತಲೆಗೇನೋ ಅರ್ಥವಾಯಿತು. ಕೈ ಮಾತ್ರ ಕೇಳಲಿಲ್ಲ. ಹೊತ್ತು ಮುಗಿದಾಗ ತರಬೇತಿಯ ಮೇಡಂ ಬಂದು ನೋಡಿ, "ಅಕ್ಕಾ, ಅರ್ಧವೂ ಆಗಿಲ್ವಲ್ಲ. ನಾಳೆ ಪರೀಕ್ಷೆ" ಎಂದು ಮೆಲ್ಲಗೆ ಹೇಳಿದರು.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಅತ್ತೆಯ ಆರ್ಭಟ. ಫೋನನ್ನು ಬಾಯಿಗೆ ಹಿಡಿದು ತಂಗಿಗೆ ದನಿಯ ಸಂದೇಶ ತುಂಬುತ್ತಿದ್ದರು. "ನಿನ್ನ ಸೊಕ್ಕು ನಿನ್ನ ಹತ್ರಾನೇ ಇಟ್ಕೊ! ಸತ್ರೂ ನಿನ್ನ ಹೊಸ್ತಿಲು ತುಳಿಯಲ್ಲ!" ಅಷ್ಟು ಹೇಳಿ, ತಣ್ಣಗೆ ಏನನ್ನೋ ಒತ್ತಿದರು.

"ಕಳಿಸ್ಬಿಟ್ರಾ ಅತ್ತೆ?" ಕತ್ತರಿಯಕ್ಕ ಗಾಬರಿಯಾದಳು.

"ಛೆ, ಅಳಿಸ್ದೆ."

"ಅಳಿಸೋದಾದ್ರೆ ಬೈಯೋದ್ಯಾಕೆ?"

"ಬೈದ್ಮೇಲೆ ತಾನೇ ಗೊತ್ತಾಗೋದು, ಜಾಸ್ತಿ ಆಯ್ತು ಅಂತ? ಮೊದಲನೇದ್ರಲ್ಲಿ ಸಿಟ್ಟು ಹೋಗುತ್ತೆ. ಎರಡನೇದ್ರಲ್ಲಿ ವಿಷಯ ಬರುತ್ತೆ. ಮೂರನೇದು ಕಳಿಸ್ತೀನಿ. ಅವ್ಳು ನೋಡು, ಅಕ್ಕ ಎಷ್ಟು ಸಮಾಧಾನದೋಳು ಅಂತ ಊರೆಲ್ಲ ಹೇಳ್ಕೊಂಡು ಬರ್ತಾಳೆ."

ಮೂಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದ ಮಗಳು ಕಿಸಕ್ಕನೆ ನಕ್ಕಳು. ಕತ್ತರಿಯಕ್ಕ ನಗಲಿಲ್ಲ, ಸ್ಟೂಲಿನ ಮೇಲೆ ಕುಸಿದು ತರಬೇತಿಯ ಕಥೆಯನ್ನೆಲ್ಲ ತೋಡಿಕೊಂಡಳು. ಅತ್ತೆ ಕೇಳಿಸಿಕೊಂಡು ಫೋನನ್ನು ಸೊಸೆಯ ಕೈಗಿತ್ತರು.

"ತಗೊ. ನನ್ನ ಬೈ ನೋಡೋಣ."

"ಅಯ್ಯೋ, ಬೇಡಪ್ಪ!"

"ಹೇಗಿದ್ರೂ ಅಳಿಸೋದು. ಬೈಯೇ!"

ಸೊಸೆ ಗಂಟಲು ಸರಿಮಾಡಿಕೊಂಡಳು. "ಅತ್ತೆ... ನೀವು... ಸ್ವಲ್ಪ..." ಅಲ್ಲಿಗೆ ನಿಂತಿತು. ಅಳಿಸಿದರು. ಎರಡನೆಯ ಸಲ, "ಅತ್ತೆ, ನೀವು ಹಾಲಿಟ್ಟು ಮರೀಬಾರ್ದು." ಅದನ್ನೂ ಅಳಿಸಿದರು. ಮೂರನೆಯ ಸಲ ಅದೆಲ್ಲಿತ್ತೋ, ಕಟ್ಟೆಯೊಡೆದು ಬಂತು: "ದಿನಾ ಒಲೆ ಮೇಲೆ ಹಾಲಿಟ್ಟು ಫೋನ್ ಹಿಡ್ಕೊಂಡು ಕೂರ್ತೀರ! ಉಕ್ಕಿಸೋರು ನೀವು, ಒರೆಸೋಳು ನಾನಾ?"

ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ ಹುಬ್ಬೇರಿಸಿ ಸೊಸೆಯನ್ನು ಅಡಿಯಿಂದ ಮುಡಿಯ ತನಕ ನೋಡಿ, "ಅಳಿಸೇ. ನಾನೇನೂ ಕೇಳ್ಲಿಲ್ಲ" ಎಂದರು. ಸೊಸೆ ಒತ್ತಿದಳು. ಅಳಿಸಿಹೋಯಿತು! ಏನೂ ಆಗದವರಂತೆ ಇಬ್ಬರೂ ಮುಖ ಮುಖ ನೋಡಿಕೊಳ್ಳುವಾಗ ಒಲೆಯ ಮೇಲೆ ಹಾಲು ಉಕ್ಕಿತು.

ಮರುದಿನ ಪರೀಕ್ಷೆಯಲ್ಲಿ ಕತ್ತರಿಯಕ್ಕ ಟೇಪನ್ನು ಮುಟ್ಟಲಿಲ್ಲ. ತುಂಡುಗಳನ್ನೆಲ್ಲ ರಪರಪ ಎಳೆದು ಪಟ್ಟಿಯ ಮೇಲೆ ಸುರಿದಳು. ತೋಳನ್ನು ತಲೆಕೆಳಗು ಮಾಡಿದಳು. ಕಾಲರನ್ನು ಕಂಕುಳಿಗೆ ತುರುಕಿದಳು. ಹಿಂದೆ ನಿಂತಿದ್ದ ಮೇಡಂ ಬಗ್ಗಿ ನೋಡಿದರು.

"ಏನಕ್ಕಾ ಮಾಡ್ತಿದ್ದೀರ?"

"ಕೆಡಿಸ್ತಿದ್ದೀನಿ ಮೇಡಂ. ಸ್ವಲ್ಪ ಸುಮ್ನಿರಿ, ಚೆನ್ನಾಗಿ ಕೆಡ್ತಾ ಇದೆ."

ಬಾಣ ಒತ್ತಿ ಹಿಂದೆ ಬಂದಳು, ಮತ್ತೆ ಸುರಿದಳು. ನಿಜವಾದ ಬಟ್ಟೆಯ ಮೇಲೆ ಜೀವ ಹೋದರೂ ಇಡದಿದ್ದ ಕಡೆ ಬೆನ್ನಿನ ತುಂಡನ್ನು ಓರೆಯಾಗಿ ಹಿಡಿದು ನೋಡಿ, ನೂಲಿನ ಓಟ ತಪ್ಪಿ ಅಂಗಿ ಸೊಟ್ಟಗಾಗುತ್ತದೆಂದು ಕಂಡು ತೆಗೆದಳು. ಆದರೆ ಹಾಗೆ ತೆಗೆಯುವಾಗ ಎರಡು ತೋಳುಗಳ ನಡುವೆ ಒಂದು ಸಂದು ಕಣ್ಣಿಗೆ ಬಿತ್ತು. ಜೇಬು ಅಲ್ಲಿ ಹೇಳಿಮಾಡಿಸಿದಂತೆ ಕೂತಿತು. "ಅರೆ, ನೀನು ಇಲ್ಲಿದ್ದೆಯಾ!" ಎಂದು ಪರದೆಯ ಹತ್ತಿರವೇ ಮಾತಾಡಿದಳು. ಗಂಟೆ ಬಾರಿಸುವಾಗ ಅಂಗಿ ಪೂರ್ತಿಯಾಗಿತ್ತು.

ಕೆಲಸ ಬಿಡುವ ಹೊತ್ತಿಗೆ ಮೇಡಂ ಇಬ್ಬರನ್ನು ಕರೆದರು. ಬಟ್ಟೆ ಹೆಚ್ಚು ಉಳಿಸಿದವಳು ಕತ್ತರಿಯಕ್ಕ, ಬೇಗ ಮುಗಿಸಿದವನು ಗುಂಡಿರಾಯ.

"ಇವನ ಪಕ್ಕಾನಾ ನಾನು ಕೂರೋದು? ದಿನಾ?" ಕತ್ತರಿಯಕ್ಕ ಕೇಳಿದಳು.

"ನನ್ನ ಕಷ್ಟ ಯಾರಿಗೆ ಹೇಳ್ಲಿ!" ಎಂದ ಗುಂಡಿರಾಯ.

ಮೇಡಂ ನಕ್ಕು, ಹೊಸ ಕೆಲಸದ ಬಗ್ಗೆ ಏನಾದರೂ ಕೇಳುವುದಿದೆಯೇ ಎಂದರು. ಯಂತ್ರಕ್ಕೆ ಹೆಸರಿಡಬಹುದೇ ಎಂದು ಗುಂಡಿರಾಯ ಕೇಳಿದ. ಕತ್ತರಿಯಕ್ಕ ಸೆರಗಿನ ತುದಿ ಹಿಂಡುತ್ತಾ ಒಂದೇ ಮಾತು ಕೇಳಿದಳು:

"ಸಂಜೆ ಎಷ್ಟೊತ್ತಿಗೆ ಬಿಡ್ತೀರಾ?"

"ಈಗ ಬಿಡೋ ಹೊತ್ತಿಗೇ ಅಕ್ಕಾ. ಬೆಳಗಿನ ಪಾಳಿನೇ."

ಕತ್ತರಿಯಕ್ಕ ಹೊರಗೆ ಬಂದವಳೇ ಮನೆಗೆ ಫೋನು ಮಾಡಿದಳು. ಆಗಷ್ಟೇ ಶಾಲೆಯಿಂದ ಬಂದಿದ್ದ ಮಗಳು ಎತ್ತಿಕೊಂಡಳು.

"ಭಾನುವಾರದ ತನಕ ಕಾಯೋದು ಬೇಡ ಕಣೇ" ಎಂದಳು ಅಮ್ಮ. "ಇವತ್ತು ಸಂಜೆಗೇ ಜಗಳ ರೆಡಿ ಮಾಡಿಟ್ಕೊ. ಬರ್ತಾ ಇದ್ದೀನಿ."